ಲಾಯದಲ್ಲಿ ಜ್ವರ, ಮೂಗಲ್ಲಿ ಕೀವು: ಕುದುರೆಗಳ ಸ್ಟ್ರ್ಯಾಂಗಲ್ಸ್ ಪತ್ತೆ ಮತ್ತು ತಡೆ

ಕುದುರೆ ಮೇವು ಬಿಟ್ಟಿದೆ, ಮೈ ಬಿಸಿಯಾಗಿದೆ, ಮೂಗಿನಿಂದ ಮೊದಲು ನೀರು, ಆಮೇಲೆ ಹಳದಿ ಕೀವು ಇಳಿಯುತ್ತಿದೆ, ದವಡೆ ಕೆಳಗೆ ಗಡ್ಡೆ ಕಟ್ಟಿದೆ. ಇಷ್ಟೂ ಒಟ್ಟಿಗೆ ಕಂಡರೆ ಅದು ಸ್ಟ್ರ್ಯಾಂಗಲ್ಸ್ ಎಂಬ ಅಂಟುರೋಗ ಎಂದು ಹೇಳಲು ದೊಡ್ಡ ಪರಿಣತಿ ಬೇಡ. ಆದರೆ ಇಷ್ಟೂ ಕಾಣುವ ಹೊತ್ತಿಗೆ ರೋಗ ಅಕ್ಕಪಕ್ಕದ ಕುದುರೆಗಳಿಗೆ ದಾಟಿರುತ್ತದೆ. ಅದಕ್ಕೇ ಇಲ್ಲಿ ಗಡ್ಡೆಗಿಂತ ಎರಡು ವಿಷಯಗಳಿಗೆ ಹೆಚ್ಚು ಜಾಗ ಕೊಟ್ಟಿದೆ: ಗಡ್ಡೆಗೂ ಮೊದಲು ಬರುವ ಜ್ವರ, ಮತ್ತು ಎಲ್ಲ ವಾಸಿಯಾಯಿತು ಎಂದುಕೊಂಡ ಮೇಲೂ ಗಂಟಲಲ್ಲಿ ಉಳಿಯುವ ಸೋಂಕು. ಲಾಯಗಳು ಸೋಲುವುದು ಈ ಎರಡು ಕಡೆ.

ರೋಗಕ್ಕೆ ಕಾರಣ ಸ್ಟ್ರೆಪ್ಟೋಕಾಕಸ್ ಈಕ್ವೈ ಎಂಬ ಬ್ಯಾಕ್ಟೀರಿಯಾ. ಇದು ಫ್ಲೂ ವೈರಸ್ಸಿನ ಹಾಗೆ ಗಾಳಿಯಲ್ಲಿ ದೂರ ಹೋಗುವುದಿಲ್ಲ. ಮೂಗಿಗೆ ಮೂಗು ತಾಗಿ, ಒಂದೇ ತೊಟ್ಟಿಯ ನೀರು ಕುಡಿದು, ಒಂದರ ಲಗಾಮು ಇನ್ನೊಂದಕ್ಕೆ ಹಾಕಿ, ಸಯೀಸನ (ಕುದುರೆ ನೋಡಿಕೊಳ್ಳುವವನ) ಕೈ ಮತ್ತು ಅಂಗಿಯ ಮೂಲಕ ದಾಟುತ್ತದೆ. ಅಂದರೆ ದಾಟುವ ದಾರಿಗಳನ್ನು ಎಣಿಸಬಹುದು, ಮುಚ್ಚಲೂಬಹುದು. ಸೋಂಕು ತಗುಲಿದ 3ರಿಂದ 14 ದಿನಗಳಲ್ಲಿ ಜ್ವರ ಬರುತ್ತದೆ. ಮೂಗಿನಿಂದ ಬ್ಯಾಕ್ಟೀರಿಯಾ ಹೊರಬೀಳಲು ಶುರುವಾಗುವುದು ಸಾಮಾನ್ಯವಾಗಿ ಜ್ವರ ಹತ್ತಿದ ಎರಡು ಮೂರು ದಿನಗಳ ಮೇಲೆ. ನಿಮಗೆ ಸಿಗುವ ಅವಕಾಶ ಆ ಎರಡು ದಿನ. ಕೆಮ್ಮು ಕೇಳಿದ ಮೇಲೆ ಥರ್ಮಾಮೀಟರ್ ಹುಡುಕುವವರಿಗೆ ಅದು ಸಿಗುವುದಿಲ್ಲ.

ಮೊದಲ ಪರೀಕ್ಷೆ: ಉಷ್ಣಾಂಶ

ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಯ ಉಷ್ಣಾಂಶ 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್. 101.5 ದಾಟಿದರೆ ಬೇರೆ ಲಕ್ಷಣಗಳಿಗೆ ಕಾಯಬೇಡಿ, ಆ ಕುದುರೆಯನ್ನು ಪ್ರತ್ಯೇಕಿಸಿ. ಸ್ಟ್ರ್ಯಾಂಗಲ್ಸ್‌ನಲ್ಲಿ 103ರ ಮೇಲೆ ಹೋಗುವುದು ಮಾಮೂಲು. ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16 ಇರಬೇಕು. ಇವನ್ನೂ ಬರೆದಿಡಿ, ಆದರೆ ಮೊದಲು ಏರುವುದು ಉಷ್ಣಾಂಶವೇ.

ಡಿಜಿಟಲ್ ಥರ್ಮಾಮೀಟರಿಗೆ ದಾರ ಕಟ್ಟಿ, ದಾರದ ತುದಿಗೆ ಬಟ್ಟೆ ಕ್ಲಿಪ್ ಹಾಕಿ ಬಾಲದ ಕೂದಲಿಗೆ ಸಿಕ್ಕಿಸಿ. ಕುದುರೆಯ ಎಡಪಕ್ಕದಲ್ಲಿ, ತೊಡೆಗೆ ಒತ್ತಿಕೊಂಡು ನಿಲ್ಲಿ. ನೇರ ಹಿಂದೆ ನಿಲ್ಲಬೇಡಿ. ತುದಿಗೆ ವ್ಯಾಸಲಿನ್ ಸವರಿ ಸುಮಾರು 5 ಸೆಂಟಿಮೀಟರ್ ಒಳಗೆ ತೂರಿಸಿ, ಗುದದ ಗೋಡೆಗೆ ತಾಗುವಂತೆ ಸ್ವಲ್ಪ ಓರೆ ಮಾಡಿ. ತುದಿ ಲದ್ದಿಯೊಳಗೆ ಹೋಗಿ ನಿಂತರೆ ಅಳತೆ ಕಡಿಮೆ ಬರುತ್ತದೆ.

ಹೊತ್ತು ಮುಖ್ಯ. ಬೆಳಿಗ್ಗೆ ಸವಾರಿಗೆ ಮೊದಲು, ಸಂಜೆ ಕೆಲಸ ಮುಗಿದು ಎರಡು ಗಂಟೆ ಕಳೆದ ಮೇಲೆ. ಏಪ್ರಿಲ್‌ನ ಮಧ್ಯಾಹ್ನ ತಗಡಿನ ಶೀಟಿನ ಕೆಳಗೆ ನಿಂತ ಕುದುರೆ 101.5 ತೋರಿಸಿದರೆ ಅದು ಶೀಟಿನ ಬಿಸಿಯೂ ಇರಬಹುದು. ನೆರಳು, ಗಾಳಿ ಇರುವ ಕಡೆ ನಿಲ್ಲಿಸಿ ಒಂದು ಗಂಟೆಯ ಮೇಲೆ ಮತ್ತೆ ನೋಡಿ, ಇಳಿಯದಿದ್ದರೆ ಜ್ವರ. ಕೋವಿಡ್ ಕಾಲದಲ್ಲಿ ಗೇಟಿಗೊಂದು ಎಂದು ಕೊಂಡ ಹಣೆಗೆ ಹಿಡಿಯುವ ಗನ್ ಇನ್ನೂ ಕೆಲವು ಲಾಯಗಳ ಗೂಟದಲ್ಲಿ ನೇತಾಡುತ್ತಿದೆ. ಅದು ಕೂದಲಿನ ಬಿಸಿ ಅಳೆಯುತ್ತದೆ, ಕುದುರೆಯದನ್ನಲ್ಲ.

ಇಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಹೀಗೆ: ಜ್ವರ ಕಂಡ ತಕ್ಷಣ ಯಾರೋ ಫ್ಲುನಿಕ್ಸಿನ್ ಅಥವಾ ಬ್ಯೂಟ್ ಎಂಬ ನೋವು, ಜ್ವರ ಇಳಿಸುವ ಔಷಧ ಕೊಡುತ್ತಾರೆ. ಸಂಜೆಗೆ ಉಷ್ಣಾಂಶ ಇಳಿಯುತ್ತದೆ, ಕುದುರೆ ಮೇವು ತಿನ್ನುತ್ತದೆ, 'ಸರಿ ಹೋಯ್ತು' ಎಂದು ಮರುದಿನ ಎಲ್ಲರ ಜೊತೆ ಬಿಡುತ್ತಾರೆ. ಔಷಧ ಇಳಿಸಿದ್ದು ಜ್ವರವನ್ನು, ಸೋಂಕನ್ನಲ್ಲ. ಕೊಡಲೇಬೇಕಾದರೆ ವೈದ್ಯರನ್ನು ಕೇಳಿ ಕೊಡಿ, ಕೊಟ್ಟ ಹೊತ್ತನ್ನು ಚಾರ್ಟಿನಲ್ಲಿ ಬರೆಯಿರಿ, ಪ್ರತ್ಯೇಕಿಸಿದ್ದನ್ನು ಬದಲಿಸಬೇಡಿ.

ಇದು ಸ್ಟ್ರ್ಯಾಂಗಲ್ಸೇ, ಬೇರೆಯೇ?

ಜ್ವರ ಇಲ್ಲದೆ ಬರೀ ಕೆಮ್ಮಿದ್ದು, ಅದೂ ಒಣಹುಲ್ಲು ಹಾಕುವಾಗ ಅಥವಾ ಲಾಯ ಗುಡಿಸುವಾಗ ಹೆಚ್ಚಾದರೆ ಅದು ಬಹುತೇಕ ದೂಳು ಮತ್ತು ಬೂಷ್ಟಿನ ಅಲರ್ಜಿ, ಕುದುರೆಗಳ ಆಸ್ತಮಾ. ಮಳೆಗಾಲದಲ್ಲಿ ನೆನೆದು ಒಣಗಿದ ಭತ್ತದ ಹುಲ್ಲನ್ನು ಹಾಸಿಗೆಗೆ ಬಳಸುವ ಕಡೆ ಇದು ಜಾಸ್ತಿ. ಹುಲ್ಲನ್ನು ನೀರಲ್ಲಿ ನೆನೆಸಿ ಕೊಟ್ಟು, ಹಾಸಿಗೆ ಬದಲಿಸಿ ನೋಡಿ. ಒಂದೇ ಹೊಳ್ಳೆಯಿಂದ ಕೊಳೆತ ವಾಸನೆಯ ಕೀವು ವಾರಗಟ್ಟಲೆ ಬಂದರೆ ಹಲ್ಲಿನ ಬೇರು ಕೊಳೆತು ಸೈನಸ್‌ಗೆ ಇಳಿದಿರಬಹುದು, ಅದು ಅಂಟುವುದಿಲ್ಲ. ಎರಡೂ ಹೊಳ್ಳೆಗಳಿಂದ ಮೇವಿನ ಚೂರು ಬೆರೆತ ಹಸಿರು ನೀರು ಸುರಿಯುತ್ತಿದ್ದರೆ ಅನ್ನನಾಳದಲ್ಲಿ ಮೇವು ಸಿಕ್ಕಿದೆ. ಮೇವು ನೀರು ಎರಡನ್ನೂ ನಿಲ್ಲಿಸಿ, ವೈದ್ಯರನ್ನು ಕರೆಸಿ.

ಮುಂಬೈ, ಪುಣೆ, ಹೈದರಾಬಾದಿನಿಂದ ಲಾರಿಯಲ್ಲಿ ಇಳಿದ ಕುದುರೆಗೆ ಒಂದರಿಂದ ಮೂರು ದಿನಗಳಲ್ಲಿ ಜ್ವರ ಬಂದರೆ ಪ್ರಯಾಣದ ನ್ಯುಮೋನಿಯಾ ನೆನಪಿರಲಿ. ತಲೆ ಎತ್ತಿ ಕಟ್ಟಿದ ಕುದುರೆ ಗಂಟೆಗಟ್ಟಲೆ ತಲೆ ತಗ್ಗಿಸದಿದ್ದರೆ ಶ್ವಾಸನಾಳದ ಕಫ ಹೊರಬರುವುದಿಲ್ಲ. ಬಾಯಿ ಗಂಟಲಿನ ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೆ ಇಳಿಯುತ್ತವೆ. ಎದೆಯ ಗೂಡು ಒತ್ತಿದರೆ ನೋವು, ನಡೆಯಲು ಹಿಂಜರಿಕೆ, ಉಸಿರಿಗೆ ಕೆಟ್ಟ ವಾಸನೆ ಇದರ ಗುರುತು. ಇದು ಅಂಟುರೋಗವಲ್ಲ, ಆದರೆ ಒಂದು ದಿನ ತಡವಾದರೂ ಕುದುರೆ ಕೈತಪ್ಪಬಹುದು.

ಅಂಟುವ ಪೈಕಿ ಫ್ಲೂ ಗುರುತಿಸಲು ಸುಲಭ, ತಡೆಯಲು ಕಷ್ಟ. 1ರಿಂದ 3 ದಿನಗಳಲ್ಲೇ ಜ್ವರ, ಗಟ್ಟಿಯಾದ ಒಣಕೆಮ್ಮು, ಲಾಯದ ಬಹುಪಾಲು ಕುದುರೆಗಳಿಗೆ ಬೆನ್ನುಬೆನ್ನಿಗೆ. ಸ್ಟ್ರ್ಯಾಂಗಲ್ಸ್ ಒಂದೊಂದಾಗಿ ದಾಟಿದರೆ ಫ್ಲೂ ಸಾಲನ್ನೇ ಹಿಡಿಯುತ್ತದೆ, ಏಕೆಂದರೆ ಕೆಮ್ಮಿದಾಗ ವೈರಸ್ ಹತ್ತಾರು ಮೀಟರ್ ಹಾರುತ್ತದೆ. ಭಾರತದಲ್ಲಿ 1987ರಲ್ಲಿ, ಮತ್ತೆ 2008–09ರಲ್ಲಿ ಹಬ್ಬಿದ್ದು ಎಚ್3ಎನ್8 ಮಾದರಿ. ಹರ್ಪಿಸ್ ವೈರಸ್‌ನಲ್ಲಿ ಜ್ವರ ಬಂದು ಇಳಿದು ಮತ್ತೆ ಬರಬಹುದು. ಜೊತೆಗೆ ಹಿಂಗಾಲು ತೊಡರುವುದು, ಮೂತ್ರ ತೊಟ್ಟಿಕ್ಕುವುದು, ಗಬ್ಬದ ಕುದುರೆ ಕಂದು ಹಾಕುವುದು ಕಂಡರೆ ಆ ಲಾಯದಿಂದ ಯಾವ ಕುದುರೆಯೂ ಹೊರಗೆ ಹೋಗಬಾರದು.

ಗ್ಲ್ಯಾಂಡರ್ಸ್ ಬೇರೆಯೇ ದರ್ಜೆಯದು, ಮನುಷ್ಯರಿಗೂ ಅಂಟಿ ಪ್ರಾಣ ತೆಗೆಯಬಲ್ಲದು. ಮೂಗಿನ ಒಳಪದರದಲ್ಲಿ ಹುಣ್ಣು, ವಾಸಿಯಾದ ಕಡೆ ನಕ್ಷತ್ರದಂಥ ಕಲೆ, ಕಾಲಿನ ಒಳಬದಿಯಲ್ಲಿ ದಾರಕ್ಕೆ ಪೋಣಿಸಿದ ಹಾಗೆ ಸಾಲು ಗಂಟು, ಅವು ಒಡೆದು ಜೇನಿನಂಥ ಕೀವು. ಇವುಗಳಲ್ಲಿ ಯಾವುದೇ ಅನುಮಾನ ಬಂದರೂ ಮೂಗು ತೊಳೆಯುವುದು, ಗಡ್ಡೆ ಸೀಳುವುದು, ಆಂಟಿಬಯೋಟಿಕ್ ಹಾಕುವುದು ಎಲ್ಲ ನಿಲ್ಲಿಸಿ. ಕೈಗವಸು, ಮಾಸ್ಕ್ ಇಲ್ಲದೆ ಹತ್ತಿರ ಹೋಗಬೇಡಿ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯ ಪಟ್ಟಿಯಲ್ಲಿ ಇದು ಇದೆ. ಪಶುಸಂಗೋಪನಾ ಇಲಾಖೆಗೆ ತಿಳಿಸುವುದು ಮಾಲೀಕರ ಕರ್ತವ್ಯ. ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿದರೂ ಆಗುತ್ತದೆ. ದೃಢಪಡಿಸುವ ಪರೀಕ್ಷೆ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರದಲ್ಲಿ ನಡೆಯುತ್ತದೆ.

ಇವೆಲ್ಲ ಅಲ್ಲವೆಂದಾದರೆ, ದವಡೆಯ ಎರಡು ಮೂಳೆಗಳ ನಡುವೆ ಬೆರಳಾಡಿಸಿ. ಸ್ಟ್ರ್ಯಾಂಗಲ್ಸ್ ಗಡ್ಡೆ ಮೊದಲು ಗಟ್ಟಿ, ಬಿಸಿ, ಮುಟ್ಟಿದರೆ ನೋವು. ಆಮೇಲೆ ನಡುವೆ ಮೆತ್ತಗಾಗಿ ಒಡೆಯುತ್ತದೆ. ಹೊರಗೆ ಗಡ್ಡೆ ಕಾಣದೆ, ಕುದುರೆ ಕತ್ತು ಮುಂದೆ ಚಾಚಿ ನಿಂತು, ನೀರು ನುಂಗಲು ಕಷ್ಟಪಟ್ಟು, ಉಸಿರಿಗೆ ಗೊರಗೊರ ಸದ್ದು ಬಂದರೆ ಗಡ್ಡೆ ಗಂಟಲ ಹಿಂದಿದೆ. ಅದು ಹೆಚ್ಚು ಅಪಾಯ. ಉಸಿರಾಟ ಕಟ್ಟಿದರೆ ವೈದ್ಯರು ಶ್ವಾಸನಾಳಕ್ಕೆ ತೂತು ಮಾಡಬೇಕಾಗಬಹುದು, ಹಾಗಾಗಿ ರಾತ್ರಿಯೆಂದು ಕಾಯುವ ಮಾತಿಲ್ಲ.

ಜ್ವರ ಕಂಡ ದಿನ ಮಾಡಬೇಕಾದ್ದು

1. ಲಾಯದ ಒಳಗೆ ಬರುವ, ಹೊರಗೆ ಹೋಗುವ ಕುದುರೆ ಸಂಚಾರ ನಿಲ್ಲಿಸಿ. ಮದುವೆ ಮೆರವಣಿಗೆಗೆ ಒಪ್ಪಿಕೊಂಡ ಕುದುರೆಯೂ ಇದರಲ್ಲಿ ಸೇರಿತು; ಮುಂಗಡ ವಾಪಸು ಕೊಡುವುದು ಅಗ್ಗ.

2. ಕುದುರೆಗಳನ್ನು ಮೂರು ಗುಂಪು ಮಾಡಿ. ಕೆಂಪು: ಜ್ವರ ಅಥವಾ ಲಕ್ಷಣ ಇರುವವು. ಹಳದಿ: ಅವುಗಳ ಜೊತೆ ಮೂಗು, ನೀರು, ಸಾಮಾನು ಹಂಚಿಕೊಂಡವು. ಹಸಿರು: ಸಂಪರ್ಕವೇ ಇಲ್ಲದವು. ಗುಂಪುಗಳ ನಡುವೆ ಕನಿಷ್ಠ 25 ಮೀಟರ್ ಅಂತರ. ಜಾಗ ಇಲ್ಲದಿದ್ದರೆ ನಡುವಿನ ಒಂದೆರಡು ಕೋಣೆ ಖಾಲಿ ಬಿಟ್ಟು, ಕಂಬಿಯ ಕಿಂಡಿಗೆ ಹಲಗೆ ಹೊಡೆದು ಮೂಗು ತಾಗದಂತೆ ಮಾಡಿ.

3. ಹಳದಿ, ಹಸಿರು ಎರಡೂ ಗುಂಪಿನ ಉಷ್ಣಾಂಶ ದಿನಕ್ಕೆರಡು ಸಲ. 101.5 ದಾಟಿದ್ದು ಅದೇ ಗಳಿಗೆಯಲ್ಲಿ ಕೆಂಪಿಗೆ.

4. ಗುಂಪಿಗೊಬ್ಬ ಸಯೀಸ. ಆಗದಿದ್ದರೆ ಕೆಲಸದ ಕ್ರಮ ಹಸಿರು, ಹಳದಿ, ಕೆಂಪು. ಹಿಂದಕ್ಕೆ ಬರುವ ಹಾಗಿಲ್ಲ. ಕೆಂಪು ಕೋಣೆಗೆ ಬೇರೆ ಗಂಬೂಟು, ಬೇರೆ ಅಂಗಿ, ಬೇರೆ ಬಕೆಟ್, ಬ್ರಷ್, ಹಗ್ಗ, ಸಲಿಕೆ. ಎಲ್ಲಕ್ಕೂ ಕೆಂಪು ಪೇಂಟಿನ ಗುರುತು.

ಮೂರು ಬಣ್ಣ ಗೋಡೆಗೆ ಅಂಟಿಸಿ, ಒಂದೇ ಪೈಪಿನಿಂದ ಎಲ್ಲ ಬಕೆಟ್ ತುಂಬಿಸಿದರೆ ಬಣ್ಣ ವ್ಯರ್ಥ. ಪೈಪಿನ ತುದಿ ಕೆಂಪು ಬಕೆಟ್ಟಿನ ನೀರಲ್ಲಿ ಅದ್ದಿ, ಮುಂದಿನ ಬಕೆಟ್ಟಿನಲ್ಲೂ ಅದ್ದುತ್ತದೆ. ನೀರು ಮೇಲಿನಿಂದ ಬೀಳಲಿ, ತುದಿ ನೀರಿಗೆ ತಾಗದಿರಲಿ. ಟ್ಯಾಂಕರ್ ನೀರು ತರಿಸುವ ಲಾಯಗಳಲ್ಲಿ ಬೇಸಿಗೆ ಬಂತೆಂದರೆ ಉಳಿತಾಯಕ್ಕೆಂದು ಹತ್ತು ಕುದುರೆಗೆ ಒಂದು ಸಿಮೆಂಟ್ ತೊಟ್ಟಿ ಮಾಡುತ್ತಾರೆ. ಈ ಬ್ಯಾಕ್ಟೀರಿಯಾ ನೀರಿನಲ್ಲಿ ನಾಲ್ಕು ವಾರಕ್ಕೂ ಹೆಚ್ಚು ಬದುಕಬಲ್ಲದು, ಹಾಗಾಗಿ ಆ ತೊಟ್ಟಿಯೇ ರೋಗದ ಕೇಂದ್ರವಾಗುತ್ತದೆ. ಒಂದು ಕುದುರೆಗೆ ದಿನಕ್ಕೆ 25ರಿಂದ 50 ಲೀಟರ್ ಬೇಕು. ಅದನ್ನು ಕುದುರೆಗೊಂದರಂತೆ ಹೆಸರು ಬರೆದ ಬಕೆಟ್ಟಿನಲ್ಲೇ ಕೊಡಿ.

ಮಾದರಿ ತೆಗೆಯುವಾಗ

ಜ್ವರ ಬಂದ ಮೊದಲ ದಿನವೇ ಮೂಗಿಗೆ ಹತ್ತಿ ಕಡ್ಡಿ ತುರುಕಿ 'ನೆಗೆಟಿವ್ ಬಂತು' ಎನ್ನುವುದು ಇನ್ನೊಂದು ಸಾಮಾನ್ಯ ಎಡವಟ್ಟು. ಆ ಹೊತ್ತಿಗೆ ಬ್ಯಾಕ್ಟೀರಿಯಾ ಮೂಗಿಗೆ ಬಂದೇ ಇರುವುದಿಲ್ಲ, ಗಡ್ಡೆಯೊಳಗಿರುತ್ತದೆ. ಗಡ್ಡೆ ಮೆತ್ತಗಾಗಿದ್ದರೆ ಅದರಿಂದ ಸೂಜಿಯಲ್ಲಿ ಎಳೆದ ಕೀವು ಎಲ್ಲಕ್ಕಿಂತ ಒಳ್ಳೆಯ ಮಾದರಿ. ಇಲ್ಲದಿದ್ದರೆ ಮೂಗು ತೊಳೆದ ನೀರು: ಸುಮಾರು 15 ಸೆಂಟಿಮೀಟರಿನ ಮೆತ್ತನೆ ರಬ್ಬರ್ ನಳಿಕೆಯಿಂದ 50 ಮಿಲಿಲೀಟರ್ ಬೆಚ್ಚಗಿನ ಸಲೈನ್ ಬಿಟ್ಟು, ಮರಳಿ ಬಂದದ್ದನ್ನು ಶುದ್ಧ ಪಾತ್ರೆಯಲ್ಲಿ ಹಿಡಿಯುವುದು. ಇದು ಕಡ್ಡಿಗಿಂತ ನಂಬಿಕಸ್ತ, ಏಕೆಂದರೆ ಹೆಚ್ಚು ಜಾಗವನ್ನು ತೊಳೆದು ತರುತ್ತದೆ. ಪಿಸಿಆರ್ (ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಪರೀಕ್ಷೆ) ಮತ್ತು ಕಲ್ಚರ್ (ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವುದು) ಎರಡನ್ನೂ ಕೇಳಿ. ಹರ್ಪಿಸ್ ಅನುಮಾನವಿದ್ದರೆ ರಕ್ತ ಹೆಪ್ಪುಗಟ್ಟದ ಹಾಗೆ ಇಡುವ ಇಡಿಟಿಎ ನಳಿಕೆಯಲ್ಲಿ ರಕ್ತವೂ ಬೇಕು.

ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ, ಪಶು ಆರೋಗ್ಯ ಮತ್ತು ಪಶು ಜೈವಿಕ ಸಂಸ್ಥೆಯೂ ಇದೆ. ಮಾದರಿ ಹೊತ್ತು ಹೋಗುವ ಮೊದಲು ನಿಮ್ಮ ವೈದ್ಯರಿಂದ ಫೋನ್ ಮಾಡಿಸಿ, ಯಾವ ಪರೀಕ್ಷೆಗೆ ಯಾವ ಪಾತ್ರೆ ಎಂದು ಕೇಳಿಕೊಳ್ಳಿ. ಐಸ್ ಪ್ಯಾಕ್ ಜೊತೆ ಕಳಿಸಿ, ಐಸಿನ ಮೇಲೆ ನೇರ ಇಡಬೇಡಿ. ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಬೈಕಿನ ಡಿಕ್ಕಿಯಲ್ಲಿ ಬೆಂದ ಕೀವಿನಿಂದ ಕಲ್ಚರ್ ಬೆಳೆಯುವುದಿಲ್ಲ.

ಚಿಕಿತ್ಸೆ, ಚಿಕ್ಕದಾಗಿ

ಪೆನಿಸಿಲಿನ್ ಈ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಆದರೂ ಗಡ್ಡೆ ಕಟ್ಟಿದ ಮೇಲೆ ಕೊಟ್ಟರೆ ಗಡ್ಡೆ ಹಣ್ಣಾಗುವುದು ತಡವಾಗುತ್ತದೆ, ಔಷಧ ನಿಲ್ಲಿಸಿದ ಮೇಲೆ ಮತ್ತೆ ಊದುತ್ತದೆ. ಬರೀ ಜ್ವರವಿದ್ದು ಗಡ್ಡೆ ಕಟ್ಟುವ ಮೊದಲು ಕೊಡುವುದು, ಉಸಿರು ಕಟ್ಟುವಾಗ ಕೊಡುವುದು ಬೇರೆ ಲೆಕ್ಕ; ಅದು ವೈದ್ಯರ ತೀರ್ಮಾನ. ಬೇಗ ಕೊಟ್ಟು ಉಳಿಸಿದ ಕುದುರೆಗೆ ರೋಗನಿರೋಧಕ ಶಕ್ತಿ ಸರಿಯಾಗಿ ಬೆಳೆಯದೆ, ಅದೇ ಲಾಯದಲ್ಲಿ ಮತ್ತೆ ಸೋಂಕು ತಗುಲಬಹುದು. ಒಂದು ಸೂಜಿ ಹಾಕಿ ಬಿಡುವುದಂತೂ ಯಾವ ಲೆಕ್ಕದಲ್ಲೂ ಸರಿಯಲ್ಲ.

ಗಡ್ಡೆಗೆ ಬಿಸಿ ಬಟ್ಟೆಯ ಶಾಖ ಕೊಡಿ. ಹಣ್ಣಾಗದ ಗಡ್ಡೆಯನ್ನು ಸೀಳಬೇಡಿ. ಒಡೆದಾಗ ಕೀವನ್ನು ನೆಲಕ್ಕೆ ಬೀಳಲು ಬಿಡದೆ ಹಿಡಿದು ಸುಡಿ, ಗಾಯವನ್ನು ನೀರು ಬೆರೆಸಿದ ಪೊವಿಡೋನ್ ಅಯೋಡಿನ್‌ನಿಂದ ತೊಳೆಯಿರಿ. ನೆನೆಸಿದ ಬೂಸಾ, ಮೆತ್ತನೆ ಹಸಿ ಹುಲ್ಲನ್ನು ನೆಲಮಟ್ಟದಲ್ಲಿ ಇಡಿ. ತಲೆ ತಗ್ಗಿದಾಗ ಕೀವು ಇಳಿಯುತ್ತದೆ. ವಾಸಿಯಾದ ಎರಡು ನಾಲ್ಕು ವಾರಗಳಲ್ಲಿ ನಾಲ್ಕೂ ಕಾಲು, ಹೊಟ್ಟೆಯ ಕೆಳಗೆ ಬಾವು, ವಸಡಿನಲ್ಲಿ ಕೆಂಪು ಚುಕ್ಕೆ ಬಂದರೆ ಅದು ರಕ್ತನಾಳಗಳ ಉರಿಯೂತ, ತುರ್ತು ಸ್ಥಿತಿ.

ತೊಳೆಯುವುದು

ಒಣಗಿದ, ಬಿಸಿಲು ಬೀಳುವ ಮರ, ಕಂಬಿ, ಮಣ್ಣಿನ ಮೇಲೆ ಈ ಬ್ಯಾಕ್ಟೀರಿಯಾ ಒಂದರಿಂದ ಮೂರು ದಿನಗಳಲ್ಲಿ ಸಾಯುತ್ತದೆ. ತಂಪು, ತೇವ, ಕತ್ತಲು ಇರುವ ಮೂಲೆಯಲ್ಲಿ ವಾರಗಟ್ಟಲೆ ಉಳಿಯುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಬೆಂಗಳೂರಿನ ಹವೆ ಎರಡನೆಯದಕ್ಕೆ ಹತ್ತಿರ, ಹಾಗಾಗಿ ಬಿಸಿಲಿನ ಮೇಲೆ ಭಾರ ಹಾಕಬೇಡಿ.

ಮೊದಲು ಲದ್ದಿ, ಹುಲ್ಲು ಪೂರ್ತಿ ತೆಗೆದು ಸೋಪು ನೀರಿನಿಂದ ಉಜ್ಜಿ, ತೊಳೆದು ಒಣಗಿಸಿ. ಆಮೇಲೆ ಸೋಂಕುನಾಶಕ. ಶೇಕಡ 30ರ ಆಸುಪಾಸಿನ ಬ್ಲೀಚಿಂಗ್ ಪೌಡರ್ ಆದರೆ 10 ಲೀಟರ್ ನೀರಿಗೆ 160 ಗ್ರಾಂ. ಶೇಕಡ 5ರ ದ್ರವ ಬ್ಲೀಚ್ ಆದರೆ ಒಂದು ಲೀಟರಿಗೆ ಒಂಬತ್ತು ಲೀಟರ್ ನೀರು. ಹತ್ತು ನಿಮಿಷ ಒದ್ದೆಯಾಗಿಯೇ ಇರಬೇಕು. ಪೌಡರ್ ಹಳೆಯದಾದರೆ, ಡಬ್ಬಿ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಘಾಟು ಇಲ್ಲದ ಪೌಡರ್ ಬರೀ ಸುಣ್ಣ. ಆ್ಯಸಿಡ್ ಜೊತೆ ಎಂದೂ ಬೆರೆಸಬೇಡಿ.

ಬಾಗಿಲಲ್ಲಿ ಕಾಲು ಅದ್ದುವ ತಟ್ಟೆಗೆ ಬ್ಲೀಚ್ ಸರಿಬರದು. ಲದ್ದಿ ಬಿದ್ದ ಕೂಡಲೇ ಅದರ ಶಕ್ತಿ ಹೋಗುತ್ತದೆ. ಅಲ್ಲಿಗೆ ಪೆರಾಕ್ಸಿಮೊನೊಸಲ್ಫೇಟ್ ಪುಡಿ, 10 ಲೀಟರಿಗೆ 100 ಗ್ರಾಂ. ಅದಕ್ಕೂ ಮೊದಲು ಬೂಟು ಉಜ್ಜಿ, ನೀರು ಕೊಳಕಾದ ಕೂಡಲೇ ಬದಲಿಸಿ. ನಗರದ ಹೊರವಲಯದ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಗಡಸು ನೀರಲ್ಲಿ ಸೋಪು ನೊರೆ ಬರದ ಹಾಗೆಯೇ ಕ್ವಾಟರ್ನರಿ ಅಮೋನಿಯಂ ಬಗೆಯ ಸೋಂಕುನಾಶಕಗಳೂ ದುರ್ಬಲವಾಗುತ್ತವೆ. ಅದನ್ನೇ ಬಳಸುವುದಾದರೆ ಕಾವೇರಿ ನೀರಲ್ಲೋ ಮಳೆ ನೀರಲ್ಲೋ ಕಲಸಿ.

ಎಲ್ಲ ಮಾಡಿದರೂ ಆರು ತಿಂಗಳಿಗೆ ಮತ್ತೆ ಬಂತು

ಈ ದೂರೇ ಹೆಚ್ಚು. ಆಗ ಎಲ್ಲರ ಕಣ್ಣು ಕೊನೆಯಲ್ಲಿ ಬಂದ ಹೊಸ ಕುದುರೆಯ ಮೇಲೆ ಬೀಳುತ್ತದೆ. ಕೆಲವು ಸಲ ಅದು ನಿಜ. ಆದರೆ ಕಾಯಿಲೆ ಬಿದ್ದದ್ದು ಹೊಸ ಕುದುರೆ ಮಾತ್ರ, ಹಳೆಯವು ಆರಾಮಾಗಿವೆ ಎಂದಾದರೆ ಲೆಕ್ಕ ತಿರುವುಮುರುವು: ಹಳೆಯವುಗಳಲ್ಲೊಂದು ಅದಕ್ಕೆ ಅಂಟಿಸಿದೆ.

ಕುದುರೆಯ ಗಂಟಲ ಹಿಂದೆ, ಕಿವಿಯ ಬುಡದ ಕೆಳಗೆ, ಎರಡು ಗಾಳಿಚೀಲಗಳಿವೆ. ಗಂಟಲ ಹಿಂದಿನ ಗಡ್ಡೆ ಒಡೆದಾಗ ಕೀವು ಇಳಿಯುವುದು ಈ ಚೀಲಗಳಿಗೆ. ಬಹುತೇಕ ಕುದುರೆಗಳಲ್ಲಿ ಅದು ಕೆಲವು ವಾರಗಳಲ್ಲಿ ಖಾಲಿಯಾಗುತ್ತದೆ. ನೂರಕ್ಕೆ ಸುಮಾರು ಹತ್ತರಲ್ಲಿ ಉಳಿದು, ಒಣಗಿ, ಗಟ್ಟಿ ಉಂಡೆಗಳಾಗಿ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬಿಟ್ಟು ಬಿಟ್ಟು ಬ್ಯಾಕ್ಟೀರಿಯಾ ಹೊರಹಾಕುತ್ತದೆ. ಆ ಕುದುರೆಗೆ ಜ್ವರವಿಲ್ಲ, ಗಡ್ಡೆಯಿಲ್ಲ, ಮೈ ಮಿರಮಿರ ಹೊಳೆಯುತ್ತಿರುತ್ತದೆ. ರೈಡಿಂಗ್ ಶಾಲೆಗಳಲ್ಲಿ ಮಕ್ಕಳಿಗೆ ಕೊಡುವ ಸಾಧು ಕುದುರೆ ದಿನವೂ ಎಲ್ಲರ ಜೊತೆ ಬೆರೆಯುವುದರಿಂದ, ಅದೇ ವಾಹಕವಾಗಿದ್ದರೆ ಹರಡುವುದು ವೇಗ. ಸುಮ್ಮನೆ ನೋಡಿ ಪತ್ತೆ ಮಾಡಲು ದಾರಿಯಿಲ್ಲ.

ಹಾಗಾಗಿ ಕೆಂಪು ಗುಂಪಿನಿಂದ ಬಿಡುಗಡೆ 'ಹದಿನೈದು ದಿನ ಆಯ್ತಲ್ಲ' ಎಂಬ ಮಾತಿನ ಮೇಲೆ ಆಗಬಾರದು. ಲಕ್ಷಣ ಪೂರ್ತಿ ಹೋಗಿ ಮೂರು ವಾರ ಕಳೆಯಲಿ. ಆಮೇಲೆ ಎರಡರಲ್ಲಿ ಒಂದು: ಎಂಡೋಸ್ಕೋಪಿಯಲ್ಲಿ ಎರಡೂ ಚೀಲಗಳನ್ನು ಕಣ್ಣಾರೆ ನೋಡಿ, ಅವನ್ನು ತೊಳೆದ ನೀರಿನ ಪಿಸಿಆರ್, ಅಥವಾ ವಾರಕ್ಕೊಂದರಂತೆ ಮೂರು ಸಲ ಮೂಗು ತೊಳೆದ ನೀರಿನ ಪಿಸಿಆರ್, ಮೂರೂ ನೆಗೆಟಿವ್. ಬ್ಯಾಕ್ಟೀರಿಯಾ ಬಿಟ್ಟು ಬಿಟ್ಟು ಹೊರಬೀಳುವುದರಿಂದ ಒಂದೇ ಸಲದ ಮೂಗಿನ ನೆಗೆಟಿವ್‌ಗೆ ಬೆಲೆಯಿಲ್ಲ. ಮೊದಲನೆಯದೇ ಮೇಲು, ದುಬಾರಿ ಅನ್ನಿಸಿದರೂ ಒಂದೇ ದಿನದಲ್ಲಿ ಮುಗಿಯುತ್ತದೆ. ಒಂದು ಚೀಲ ಮಾತ್ರ ನೋಡಿ ಬಿಟ್ಟರೆ ಅರ್ಧ ಪರೀಕ್ಷೆ. ಎಂಡೋಸ್ಕೋಪನ್ನು ಒಂದು ಕುದುರೆಯಿಂದ ಇನ್ನೊಂದಕ್ಕೆ ಹಾಕುವ ಮೊದಲು ಸೋಂಕು ಕಳೆಯದಿದ್ದರೆ, ಮುಂದಿನ ಕುದುರೆಗೆ ಸುಳ್ಳು ಪಾಸಿಟಿವ್ ಬರಬಹುದು, ನಿಜವಾದ ಸೋಂಕೂ ತಗುಲಬಹುದು.

ಪಿಸಿಆರ್ ಪಾಸಿಟಿವ್, ಕಲ್ಚರ್ ನೆಗೆಟಿವ್ ಬಂದರೆ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಇರಬಹುದು. ಆದರೂ ಮುಂದಿನ ಪರೀಕ್ಷೆಯವರೆಗೆ ಅದನ್ನು ಪಾಸಿಟಿವ್ ಎಂದೇ ನಡೆಸಿಕೊಳ್ಳಿ. ವಾಹಕ ಸಿಕ್ಕರೆ ಮಾರಿಬಿಡುವುದು ಪರಿಹಾರವಲ್ಲ, ರೋಗವನ್ನು ಸರ್ಜಾಪುರದಿಂದ ದೇವನಹಳ್ಳಿಗೆ ಸಾಗಿಸಿದಂತೆ ಅಷ್ಟೇ. ಉಂಡೆಗಳನ್ನು ಎಂಡೋಸ್ಕೋಪಿನಿಂದ ತೆಗೆದು, ಚೀಲ ತೊಳೆದು, ಪೆನಿಸಿಲಿನ್ ಜೆಲ್ ತುಂಬುವ ಚಿಕಿತ್ಸೆ ಇದೆ. ಬಹುಪಾಲು ಕುದುರೆಗಳು ಗುಣವಾಗುತ್ತವೆ.

ಎಲ್ಲವನ್ನೂ ಪರೀಕ್ಷಿಸಲು ಹಣ ಸಾಲದಿದ್ದರೆ ಸರದಿ ಹೀಗಿರಲಿ: ಕಳೆದ ಸಲ ಗಂಟಲ ಹಿಂದೆ ಊದಿದ್ದವು, ಮೂಗಿನ ಸುರಿತ ಎಲ್ಲಕ್ಕಿಂತ ತಡವಾಗಿ ನಿಂತವು, ನಡುನಡುವೆ ಕಾರಣವಿಲ್ಲದೆ ಕೆಮ್ಮುವವು, ಆಮೇಲೆ ಉಳಿದವು. ಹಳೆಯ ಉಷ್ಣಾಂಶದ ಚಾರ್ಟನ್ನು ಎಸೆಯದೆ ಇಟ್ಟುಕೊಂಡವರಿಗೆ ಈ ಪಟ್ಟಿ ಹತ್ತು ನಿಮಿಷದ ಕೆಲಸ.

ಕುದುರೆಗಳಲ್ಲಿ ಯಾವುದೂ ವಾಹಕವಲ್ಲ ಎಂದಾದರೆ ಲಾಯಕ್ಕೆ ಬಂದುಹೋಗುವವರನ್ನು ನೋಡಿ. ಲಾಳ ಕಟ್ಟುವವರು ಒಂದೇ ದಿನ ಕನಕಪುರ ರಸ್ತೆಯಿಂದ ಯಲಹಂಕದವರೆಗೆ ನಾಲ್ಕು ಲಾಯ ಸುತ್ತುತ್ತಾರೆ. ಅವರ ಚರ್ಮದ ಏಪ್ರನ್ ಮೇಲೆ ಪ್ರತಿ ಕುದುರೆಯೂ ಮೂಗು ಒರೆಸಿರುತ್ತದೆ. ಹಲ್ಲು ಉಜ್ಜುವ ಅರಗಳು ಬಾಯೊಳಗೇ ಹೋಗುತ್ತವೆ. ಬಾಡಿಗೆ ಕುದುರೆ ಲಾರಿಯ ಎದೆಕಂಬಿ, ಮೇವಿನ ಬಲೆ ತೊಳೆಯದೆ ಮುಂದಿನ ಸವಾರಿಗೆ ಹೋಗುತ್ತವೆ. ಇವರಿಗೆಲ್ಲ ಗೇಟಿನಲ್ಲೇ ನಿಮ್ಮ ಲಾಯದ ಏಪ್ರನ್, ತೊಳೆಯುವ ಬಕೆಟ್ ಸಿದ್ಧವಿರಲಿ.

ಹೊಸ ಕುದುರೆ, ಮರಳಿ ಬಂದ ಕುದುರೆ

ಮೂರು ವಾರ ಪ್ರತ್ಯೇಕ, ದಿನಕ್ಕೆರಡು ಸಲ ಉಷ್ಣಾಂಶ. ಚಿಕಿತ್ಸೆಗೋ ಸ್ಪರ್ಧೆಗೋ ಹೋಗಿ ಬಂದ ನಿಮ್ಮದೇ ಕುದುರೆಗೂ ಇದೇ ನಿಯಮ. ರೇಸ್ ಸೀಸನ್ನಿನಲ್ಲಿ ಮೈಸೂರು ಮುಂತಾದ ಊರುಗಳಿಗೆ ಓಡಾಡುವವಕ್ಕೆ ಜಾಗ ಮೊದಲೇ ಕಾದಿರಿಸಿ. ಮೂರು ವಾರ ಲಕ್ಷಣವಿಲ್ಲದಿದ್ದರೂ ವಾಹಕ ತಪ್ಪಿಸಿಕೊಳ್ಳಬಹುದು, ಆದ್ದರಿಂದ ಕೊಳ್ಳುವ ಕುದುರೆಯಾದರೆ ಹಣ ಕೈಬದಲಾಗುವ ಮೊದಲೇ ಗಾಳಿಚೀಲದ ಪರೀಕ್ಷೆ ಮಾಡಿಸಿ. ಮಾರುವವರನ್ನು ಎರಡು ಪ್ರಶ್ನೆ ಕೇಳಿ: ಕಳೆದ ಒಂದು ವರ್ಷದಲ್ಲಿ ಆ ಲಾಯದಲ್ಲಿ ಗಡ್ಡೆಯ ಕಾಯಿಲೆ ಬಂದಿತ್ತೇ, ಬಂದಿದ್ದರೆ ಬಿಡುಗಡೆಯ ಪಿಸಿಆರ್ ವರದಿ ಎಲ್ಲಿದೆ.

ಫ್ಲೂ ಲಸಿಕೆ ಪುಸ್ತಕವನ್ನೂ ಅಲ್ಲೇ ನೋಡಿ. ಮೊದಲ ಚುಚ್ಚು, 4ರಿಂದ 6 ವಾರಕ್ಕೆ ಎರಡನೆಯದು, ಅದಾಗಿ 5–6 ತಿಂಗಳಿಗೆ ಮೂರನೆಯದು, ಆಮೇಲೆ 6ರಿಂದ 12 ತಿಂಗಳಿಗೊಮ್ಮೆ. ಆ ಲಸಿಕೆ ಸ್ಟ್ರ್ಯಾಂಗಲ್ಸ್ ತಡೆಯುವುದಿಲ್ಲ, ಆದರೆ ಲಾಯದಲ್ಲಿ ಎದ್ದ ಜ್ವರ ಯಾವುದೆಂದು ಹುಡುಕುವಾಗ ಒಂದು ಅನುಮಾನವನ್ನು ತಗ್ಗಿಸುತ್ತದೆ. ಫ್ಲೂ ಬಂದೇಬಿಟ್ಟರೆ, ಜ್ವರವಿದ್ದ ಪ್ರತಿ ದಿನಕ್ಕೆ ಒಂದು ವಾರದಂತೆ ವಿಶ್ರಾಂತಿ ಕೊಡಿ; ನಾಲ್ಕು ದಿನ ಜ್ವರವಿದ್ದ ಕುದುರೆಯ ಬೆನ್ನಿಗೆ ತಿಂಗಳವರೆಗೆ ಜೀನು ಬೀಳಬಾರದು.